ತಗಡಿನ ತುತ್ತೂರಿಗೆ ಸಿಗುವ ಆಕಾಶಗಂಗೆ: ಶಾಲೆ, ಕಾಲೇಜು, ವಿಜ್ಞಾನ ಸಂಘಗಳ ರೇಡಿಯೋ ದೂರದರ್ಶಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಹೈಸ್ಕೂಲು, ಪಿಯು ವಿಜ್ಞಾನ ಶಿಕ್ಷಕರಿಗೆ ಮತ್ತು ಊರಿನ ವಿಜ್ಞಾನ ಸಂಘ ನಡೆಸುವವರಿಗೆ. ಹೆಚ್ಚಿನ ಪ್ರಶ್ನೆಗಳು ಒಂದೇ ಉಪಕರಣದ ಸುತ್ತ ಇವೆ: ಜಲಜನಕದ 21 ಸೆಂ.ಮೀ. ರೇಡಿಯೋ ಅಲೆಯನ್ನು ಹಿಡಿಯುವ, ತಗಡಿನ ತುತ್ತೂರಿಯಂಥ ಹಾರ್ನ್ ಆಂಟೆನಾ. ಡಿಶ್ ಟಿವಿ ತಟ್ಟೆ, ಗುರುಗ್ರಹದ ವಿಚಾರ ಕೊನೆಯಲ್ಲಿ ಚುಟುಕಾಗಿ ಬರುತ್ತವೆ.

ಟೆಲಿಸ್ಕೋಪಿನಲ್ಲಿ ಶನಿಯ ಉಂಗುರ ತೋರಿಸಿದರೆ ಮಕ್ಕಳು ಕುಣಿಯುತ್ತಾರೆ. ಗ್ರಾಫ್ ತೋರಿಸಿದರೆ ಯಾರು ನೋಡುತ್ತಾರೆ?

ಮೊದಲ ಐದು ನಿಮಿಷ ಶನಿಯೇ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶನಿಗೆ ರಾತ್ರಿ ಬೇಕು, ಮೋಡವಿಲ್ಲದ ಆಕಾಶ ಬೇಕು, ಮಕ್ಕಳನ್ನು ಕತ್ತಲಾದ ಮೇಲೆ ಕಳಿಸಲು ಒಪ್ಪುವ ಅಪ್ಪ ಅಮ್ಮ ಬೇಕು. 21 ಸೆಂ.ಮೀ. ಅಲೆಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ಮೋಡ ಅಡ್ಡ ಬರುವುದಿಲ್ಲ, ಬೀದಿದೀಪದ ಬೆಳಕು ಲೆಕ್ಕಕ್ಕಿಲ್ಲ. ಬೆಳಗಿನ ಮೂರನೇ ಪೀರಿಯಡ್ಡಿನಲ್ಲೇ ಆಕಾಶಗಂಗೆಯನ್ನು ಅಳೆಯಬಹುದು.

ಇನ್ನೊಂದು ಕಾರಣ ನಮಗೆ ಇದಕ್ಕಿಂತ ದೊಡ್ಡದು. ಶನಿಯನ್ನು ಕಂಡ ಹುಡುಗ ‘ಇದು ನಿಜವೇ’ ಎಂದು ಕೇಳುವುದಿಲ್ಲ. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಶಕ್ತಿ ಬಂತೆಂದು ತೋರಿಸುವ ಗ್ರಾಫಿನ ಗೆರೆಯಲ್ಲಿ ಒಂದು ದಿಬ್ಬ ಎದ್ದಾಗ ಮಾತ್ರ ಕೇಳಲೇಬೇಕಾಗುತ್ತದೆ: ಇದು ಆಕಾಶದ್ದೋ, ಎದುರು ಕಟ್ಟಡದ ಮೊಬೈಲ್ ಟವರಿನದೋ, ನಮ್ಮ ಲ್ಯಾಪ್‌ಟಾಪಿನದೋ? ಉತ್ತರ ಪುಸ್ತಕದಲ್ಲಿಲ್ಲ, ಅವನೇ ಪರೀಕ್ಷೆ ಮಾಡಬೇಕು. ಕೆಳಗಿನ ಹಲವು ಉತ್ತರಗಳು ಆ ಪರೀಕ್ಷೆಗಳ ಬಗ್ಗೆಯೇ ಇವೆ.

ನಿಜಕ್ಕೂ ಹಿಡಿಯುವುದು ಏನನ್ನು?

ನಕ್ಷತ್ರಗಳ ನಡುವೆ ಹರಡಿರುವ ತಣ್ಣನೆಯ ಜಲಜನಕದ ಅಲೆಯನ್ನು. ಜಲಜನಕ ಪರಮಾಣುವಿನಲ್ಲಿ ಎಲೆಕ್ಟ್ರಾನಿನ ಸ್ಪಿನ್ ತಲೆಕೆಳಗಾದಾಗ 1420.406 ಮೆಗಾಹರ್ಟ್ಸ್‌ನ ಅಲೆ ಹೊರಬೀಳುತ್ತದೆ, ತರಂಗಾಂತರ 21.1 ಸೆಂ.ಮೀ. ಒಂದು ಪರಮಾಣುವನ್ನು ಅದರ ಪಾಡಿಗೆ ಬಿಟ್ಟರೆ ಇದು ಸರಾಸರಿ ಸುಮಾರು 1.1 ಕೋಟಿ ವರ್ಷಕ್ಕೊಮ್ಮೆ ಆಗುವ ಘಟನೆ. ಆದರೂ ನಮಗೆ ಸಿಗುವುದು ಆಕಾಶಗಂಗೆಯಲ್ಲಿ ಅಷ್ಟು ಜಲಜನಕ ಇರುವುದರಿಂದ. ಈ ಅಲೆ ಇರಬೇಕೆಂದು ಡಚ್ ಖಗೋಳವಿಜ್ಞಾನಿ ವಾನ್ ಡಿ ಹುಲ್ಸ್ಟ್ 1944ರಲ್ಲಿ ಲೆಕ್ಕ ಹಾಕಿ ಹೇಳಿದರು. 1951ರ ಮಾರ್ಚ್ 25ರಂದು ಹಾರ್ವರ್ಡ್‌ನಲ್ಲಿ ಯೂಯೆನ್ ಮತ್ತು ಪರ್ಸೆಲ್ ಅದನ್ನು ಹಿಡಿದರು. ಅವರ ಉಪಕರಣವೂ ಪ್ರಯೋಗಾಲಯದ ಕಿಟಕಿಯಿಂದ ಹೊರಚಾಚಿದ ಒಂದು ಹಾರ್ನ್. ಮಳೆ ಬಂದರೆ ಅದು ಆಲಿಕೆಯ ಹಾಗೆ ನೀರನ್ನು ಒಳಗೆ ಸುರಿಯುತ್ತಿತ್ತು. ನಿಮ್ಮದೂ ಸುರಿಯುತ್ತದೆ, ಮುಂದೆ ನೋಡಿ.

ಏನೇನು ಬೇಕು?

ತಗಡಿನ ಹಾರ್ನ್, ಅದರ ಹಿಂದೆ ಆಯತಾಕಾರದ ಡಬ್ಬಿ, ಡಬ್ಬಿಯೊಳಗೆ ಒಂದು ತಾಮ್ರದ ಕಡ್ಡಿ, ಕಡ್ಡಿಗೆ ತಾಗಿಕೊಂಡೇ 1420 ಮೆಗಾಹರ್ಟ್ಸ್‌ಗೆ ಫಿಲ್ಟರ್ ಇರುವ ಎಲ್‌ಎನ್‌ಎ, ಅಂದರೆ ಕಡಿಮೆ ಗದ್ದಲದ ಆಂಪ್ಲಿಫೈಯರ್. ಅಲ್ಲಿಂದ ಕೇಬಲ್ ಮೂಲಕ ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್ (ರೇಡಿಯೋ ಸಂಕೇತವನ್ನು ಕಂಪ್ಯೂಟರಿಗೆ ಅಂಕಿಗಳಾಗಿ ಕೊಡುವ ಯುಎಸ್‌ಬಿ ರಿಸೀವರ್), ಅದರಿಂದ ಲ್ಯಾಪ್‌ಟಾಪ್. ಹಣ ಹೋಗುವುದು ಎಲ್‌ಎನ್‌ಎ ಮತ್ತು ಡಾಂಗಲ್‌ಗೆ. ಉಳಿದದ್ದು ಹಾರ್ಡ್‌ವೇರ್ ಅಂಗಡಿ, ಗುಜರಿ ಅಂಗಡಿಯ ಸಾಮಾನು.

ಡಾಂಗಲ್ ಕೊಳ್ಳುವಾಗ ಎರಡು ವಿಷಯ ಕೇಳಿ. ಒಂದು, ಒಳಗೆ ಬಯಾಸ್ ಟೀ ಇದೆಯೇ? ಇದ್ದರೆ ಎಲ್‌ಎನ್‌ಎಗೆ ಕರೆಂಟು ಕೇಬಲ್ಲಿನಲ್ಲೇ ಹೋಗುತ್ತದೆ. ಎರಡು, ತಾಪಕ್ಕೆ ಜಗ್ಗದ ಆಂದೋಲಕ, ಅಂದರೆ ಟಿಸಿಎಕ್ಸ್‌ಒ, ಇದೆಯೇ? ದಶಲಕ್ಷಕ್ಕೆ 1ರಷ್ಟು ತಪ್ಪುವ ಡಾಂಗಲ್ 1420 ಮೆಗಾಹರ್ಟ್ಸ್‌ನಲ್ಲಿ 1.4 ಕಿಲೋಹರ್ಟ್ಸ್ ತಪ್ಪುತ್ತದೆ, ಪರವಾಗಿಲ್ಲ. ಹಳೆಯ ಅಗ್ಗದ ಟಿವಿ ಡಾಂಗಲ್ ದಶಲಕ್ಷಕ್ಕೆ 50ರಷ್ಟು ತಪ್ಪಿದರೆ ಅದು 71 ಕಿಲೋಹರ್ಟ್ಸ್. ಆಗ ಜಲಜನಕದ ವೇಗದ ಲೆಕ್ಕ ಸೆಕೆಂಡಿಗೆ 15 ಕಿ.ಮೀ.ನಷ್ಟು ಆಚೀಚೆ.

ಹಾರ್ನಿನ ಅಳತೆ ಕೊಡಿ. ನೇರವಾಗಿ ಕತ್ತರಿಸುವ ಹಾಗೆ.

ಡಬ್ಬಿ: ಒಳ ಅಗಲ 16.5 ಸೆಂ.ಮೀ., ಒಳ ಎತ್ತರ 10 ಸೆಂ.ಮೀ., ಉದ್ದ 22 ಸೆಂ.ಮೀ. ಒಂದು ಬದಿ ತೆರೆದಿರಬೇಕು, ಹಿಂಬದಿ ಮುಚ್ಚಿರಬೇಕು. ಪೇಂಟ್ ಅಂಗಡಿಯ ಆಯತಾಕಾರದ ಥಿನ್ನರ್ ಡಬ್ಬಿ ಈ ಅಳತೆಗೆ ಹತ್ತಿರ ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ತಗಡಿನ ಕೆಲಸದವರ ಬಳಿ ಜಿಐ ಶೀಟಿನಲ್ಲಿ ಮಡಿಸಿಸಿ.

ಕಡ್ಡಿ: 2 ಮಿ.ಮೀ. ದಪ್ಪದ ತಾಮ್ರದ ತಂತಿ, ಡಬ್ಬಿಯೊಳಗೆ 5.2 ಸೆಂ.ಮೀ. ಎತ್ತರ. ಅಗಲವಾದ ಮುಖದ ಸರಿ ಮಧ್ಯದಲ್ಲಿ, ಮುಚ್ಚಿದ ಹಿಂಗೋಡೆಯಿಂದ 6.9 ಸೆಂ.ಮೀ. ಮುಂದೆ. ಈ 6.9 ಎಲ್ಲಿಂದ ಬಂತು ಎಂದು ಪಿಯು ವಿದ್ಯಾರ್ಥಿ ಕೇಳಬೇಕು. ಡಬ್ಬಿಯೊಳಗೆ ಅಲೆಯ ಉದ್ದ 21.1 ಅಲ್ಲ. ಗೋಡೆಗಳು ಹಿಡಿದಿಟ್ಟುಕೊಳ್ಳುವುದರಿಂದ ಅದು ಹಿಗ್ಗಿ ಸುಮಾರು 27.4 ಆಗುತ್ತದೆ, ಅದರ ಕಾಲು ಭಾಗವೇ 6.9. ಗಾಳಿಯಲ್ಲಿನ ಅಲೆಯ ಕಾಲು ಭಾಗವಾದ 5.3ರಲ್ಲಿ ತೂತು ಕೊರೆದವರ ಉಪಕರಣ ಮಂಕಾಗಿ ಕೆಲಸ ಮಾಡುತ್ತದೆ, ಆದರೆ ಏಕೆ ಮಂಕು ಎಂದು ಗೊತ್ತಾಗುವುದಿಲ್ಲ.

ಹಾರ್ನಿನ ಬಾಯಿ: 75 × 60 ಸೆಂ.ಮೀ., ಡಬ್ಬಿಯಿಂದ ಬಾಯಿಯವರೆಗೆ ನೇರ ಉದ್ದ 70 ಸೆಂ.ಮೀ. ಇದಕ್ಕೆ ನಾಲ್ಕು ತ್ರಾಪಿಜ್ಯಗಳು ಬೇಕು. ಎರಡರಲ್ಲಿ ಸಮಾಂತರ ಬಾಹುಗಳು 16.5 ಮತ್ತು 75, ಎತ್ತರ 74.3 ಸೆಂ.ಮೀ. ಇನ್ನೆರಡರಲ್ಲಿ 10 ಮತ್ತು 60, ಎತ್ತರ 75.9 ಸೆಂ.ಮೀ. ಕತ್ತರಿಸಿದ ಮೇಲೆ ಓರೆ ಅಂಚುಗಳನ್ನು ಅಳೆಯಿರಿ, ನಾಲ್ಕೂ ಹಲಗೆಗಳಲ್ಲಿ 80 ಸೆಂ.ಮೀ. ಹತ್ತಿರ ಬರಬೇಕು. ಬಾರದಿದ್ದರೆ ಎಲ್ಲೋ ಎತ್ತರಕ್ಕೂ ಓರೆ ಅಂಚಿಗೂ ಅದಲು ಬದಲಾಗಿದೆ, ಹೆಚ್ಚಾಗಿ ಆಗುವ ತಪ್ಪು ಇದೇ. 75ರ ಬದಿ ಡಬ್ಬಿಯ 16.5ರ ಬದಿಗೇ ಕೂಡಬೇಕು.

ಈ ಹಾರ್ನ್ ಒಮ್ಮೆಗೆ ಆಕಾಶದ ಸುಮಾರು 20 ಡಿಗ್ರಿ ಅಗಲವನ್ನು ನೋಡುತ್ತದೆ. ಕೈ ಚಾಚಿ ಬೆರಳು ಅಗಲಿಸಿದರೆ ಹೆಬ್ಬೆರಳಿಂದ ಕಿರುಬೆರಳಿನ ತನಕ ಎಷ್ಟೋ ಅಷ್ಟು.

ಮನೆಯಲ್ಲಿ 15 ಕೆಜಿ ಎಣ್ಣೆ ಡಬ್ಬ ಇದೆ. ಅದನ್ನೇ ಹಿಂದೆ ಕೂರಿಸಬಹುದೇ?

ಬೇಡ. ಈ ಪ್ರಶ್ನೆ ಬಾರದ ತಿಂಗಳಿಲ್ಲ! ಡಬ್ಬಿಯ ಅಗಲ 10.6 ಸೆಂ.ಮೀ.ಗಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ಅಲೆ ಒಳಗೆ ನುಗ್ಗುವುದೇ ಇಲ್ಲ. 21.1ಕ್ಕಿಂತ ಕಡಿಮೆಯೂ ಇರಬೇಕು, ಇಲ್ಲದಿದ್ದರೆ ಅಲೆ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಹರಿದು ಕಡ್ಡಿಗೆ ಸರಿಯಾಗಿ ಸಿಗುವುದಿಲ್ಲ. ಎಣ್ಣೆ ಡಬ್ಬ ಚೌಕಾಕಾರ, ಬದಿ 23 ಸೆಂ.ಮೀ. ದಾಟುತ್ತದೆ. ಆದರೆ ಎರಡು ಮೂರು ಡಬ್ಬಗಳನ್ನು ಬಿಚ್ಚಿ ಚಪ್ಪಟೆ ಮಾಡಿದರೆ ಒಳ್ಳೆಯ ತಗಡು ಸಿಗುತ್ತದೆ, ಬೆಸುಗೆಯೂ ಚೆನ್ನಾಗಿ ಹಿಡಿಯುತ್ತದೆ.

ರಟ್ಟಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದರೆ ಸಾಕೇ?

ಸಾಕು. 1420 ಮೆಗಾಹರ್ಟ್ಸ್‌ನ ಅಲೆ ಅಲ್ಯೂಮಿನಿಯಮ್ಮಿನಲ್ಲಿ ಇಳಿಯುವುದು 2 ಮೈಕ್ರಾನ್ ಚಿಲ್ಲರೆ, ಫಾಯಿಲ್ ಅದರ ಹಲವು ಪಟ್ಟು ದಪ್ಪ. ಹಾಳಾಗುವುದು ಕೀಲುಗಳಲ್ಲಿ. ಟೇಪಿನ ಅಂಟು ವಿದ್ಯುತ್ತನ್ನು ಹರಿಯಬಿಡುವುದಿಲ್ಲ, ಹಾಗಾಗಿ ಎರಡು ಹಾಳೆ ಕೂಡುವಲ್ಲಿ ಕನಿಷ್ಠ 3 ಸೆಂ.ಮೀ. ಒಂದರ ಮೇಲೊಂದು ಬರಲಿ. ಹಾರ್ನಿನ ಕುತ್ತಿಗೆ ಡಬ್ಬಿಗೆ ಸೇರುವ ಜಾಗದಲ್ಲಿ ಡಬ್ಬಿಯ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ ತೆಗೆದು, ಲೋಹಕ್ಕೆ ಲೋಹ ತಾಗುವಂತೆ ಸ್ಕ್ರೂ ಹಾಕಿ. ಅಲ್ಯೂಮಿನಿಯಮ್ಮಿಗೆ ಬೆಸುಗೆ ಹಾಕಲು ಹೊರಟು ಸಮಯ ಕಳೆಯಬೇಡಿ, ಮಾಮೂಲಿ ಸೀಸ ಅದಕ್ಕೆ ಹಿಡಿಯುವುದಿಲ್ಲ.

ಎಲ್‌ಎನ್‌ಎ ಮೇಲೆ ಹತ್ತಬೇಕೇ? ಲ್ಯಾಪ್‌ಟಾಪ್ ಪಕ್ಕ ಇಟ್ಟರೆ ಆಗದೇ?

ಮೇಲೆಯೇ ಇರಬೇಕು, ಕಡ್ಡಿಯ ಕನೆಕ್ಟರಿಗೆ ನೇರವಾಗಿ ತಿರುಗಿಸಿ. ಎಲ್‌ಎನ್‌ಎಗೆ ಮೊದಲು 0.1 ಡೆಸಿಬೆಲ್ ನಷ್ಟವಾದರೆ ಸುಮಾರು 7 ಕೆಲ್ವಿನ್ ಗದ್ದಲ ಸೇರುತ್ತದೆ (ರೇಡಿಯೋ ಗದ್ದಲವನ್ನು ಅಷ್ಟೇ ಗದ್ದಲ ಸೂಸುವ ವಸ್ತುವಿನ ತಾಪದಲ್ಲಿ, ಅಂದರೆ ಕೆಲ್ವಿನ್ನಿನಲ್ಲಿ, ಹೇಳುತ್ತಾರೆ). ಸಾಮಾನ್ಯ ತೆಳು ಕೇಬಲ್ ಈ ಫ್ರೀಕ್ವೆನ್ಸಿಯಲ್ಲಿ ಮೀಟರಿಗೆ ಅರ್ಧ ಡೆಸಿಬೆಲ್ಲಿಗೂ ಹೆಚ್ಚು ತಿನ್ನುತ್ತದೆ. ಎಲ್‌ಎನ್‌ಎ ದಾಟಿದ ಮೇಲೆ ಹತ್ತು ಮೀಟರ್ ಕೇಬಲ್ ಎಳೆದರೂ ಅಷ್ಟು ತೊಂದರೆಯಿಲ್ಲ, ಏಕೆಂದರೆ ಸಂಕೇತ ಅಷ್ಟರಲ್ಲಿ ಸಾವಿರಾರು ಪಟ್ಟು ದೊಡ್ಡದಾಗಿರುತ್ತದೆ. ಎಲ್‌ಎನ್‌ಎಯ ಒಳಬಾಯಿ, ಹೊರಬಾಯಿ ಅದಲು ಬದಲು ಮಾಡಬೇಡಿ. ಡಾಂಗಲ್ಲಿನಿಂದ ಬರುವ ಕರೆಂಟು ಹೊರಬಾಯಿಯಿಂದಲೇ ಹತ್ತಬೇಕು.

ಸಾಫ್ಟ್‌ವೇರಿನಲ್ಲಿ ಏನೇನು ಇಡಬೇಕು?

ಯಾವ ಸಾಫ್ಟ್‌ವೇರ್ ಆದರೂ ಸರಿ. ಗ್ನೂ ರೇಡಿಯೋ ಉಚಿತ, ಕಲಿಯಲು ಎರಡು ಭಾನುವಾರ ಬೇಕು. ಮಧ್ಯದ ಫ್ರೀಕ್ವೆನ್ಸಿ 1420.4, ಬ್ಯಾಂಡ್ 2.4 ಮೆಗಾಹರ್ಟ್ಸ್, 512 ಚಾನೆಲ್ ಇಡಿ, ಅಂದರೆ ಬ್ಯಾಂಡನ್ನು 512 ಸಮ ಭಾಗ ಮಾಡಿ. ಆಗ ಒಂದೊಂದು ಚಾನೆಲ್ 4.7 ಕಿಲೋಹರ್ಟ್ಸ್. ಇದನ್ನೇ ಏಕೆ ಆರಿಸಿದೆವೆಂದರೆ, ಜಲಜನಕ ಸೆಕೆಂಡಿಗೆ 1 ಕಿ.ಮೀ. ವೇಗದಲ್ಲಿ ಚಲಿಸಿದರೆ ಡಾಪ್ಲರ್ ಪರಿಣಾಮದಿಂದ ಆಗುವ ಪಲ್ಲಟ 4.74 ಕಿಲೋಹರ್ಟ್ಸ್. ಅಂದರೆ ಒಂದು ಚಾನೆಲ್ ಎಂದರೆ ಸೆಕೆಂಡಿಗೆ 1 ಕಿ.ಮೀ., ಮಕ್ಕಳು ಬೆರಳಿಟ್ಟು ಎಣಿಸಬಹುದು.

ಗೇನ್ ಅನ್ನು, ಅಂದರೆ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬುದನ್ನು, ತಾನಾಗಿ ಬದಲಾಗಲು ಬಿಡಬೇಡಿ, ಕೈಯಿಂದ ಒಂದು ಬೆಲೆಗೆ ಕಟ್ಟಿಹಾಕಿ. ತಾನಾಗಿ ಬದಲಾಗುವ ಗೇನ್ ನೀವು ಅಳೆಯಬೇಕೆಂದಿರುವ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ.

ಸರಾಸರಿಯ ಅವಧಿ 5 ನಿಮಿಷ. ಒಟ್ಟು ಗದ್ದಲ 150 ಕೆಲ್ವಿನ್ ಇರುವ ಉಪಕರಣದಲ್ಲಿ 10 ಸೆಕೆಂಡ್ ಸರಾಸರಿ ತೆಗೆದರೆ ಗೆರೆಯ ನಡುಕ ಸುಮಾರು 0.7 ಕೆಲ್ವಿನ್, 5 ನಿಮಿಷಕ್ಕೆ 0.13. ಸಮಯ 30 ಪಟ್ಟಾದರೆ ನಡುಕ 30ರ ವರ್ಗಮೂಲದಷ್ಟು ಕುಗ್ಗುತ್ತದೆ. ಎಲ್ಲರೂ ಮರೆಯುವ ಮಾತು: ಲಂಬ ಅಕ್ಷವನ್ನು ಹಿಗ್ಗಿಸಿ. ದಿಬ್ಬದ ಎತ್ತರ ಅರ್ಧದಿಂದ ಒಂದು ಡೆಸಿಬೆಲ್, ಪರದೆ ತೋರಿಸುತ್ತಿರುವುದು ನೂರು ಡೆಸಿಬೆಲ್. ದಿಬ್ಬ ಎದುರಿಗೇ ಇದ್ದರೂ ಕಾಣುವುದಿಲ್ಲ.

ಎಲ್ಲ ಜೋಡಿಸಿದೆವು, ಏನೂ ಕಾಣಿಸುತ್ತಿಲ್ಲ. ಎಲ್ಲಿಂದ ಹುಡುಕುವುದು?

ಆಕಾಶವನ್ನು ಬಿಟ್ಟು ಮನುಷ್ಯನಿಂದ ಶುರು ಮಾಡಿ. ಹಾರ್ನನ್ನು ನೆತ್ತಿಯ ಕಡೆ ತಿರುಗಿಸಿ, ಇಬ್ಬರು ಹುಡುಗರಿಗೆ ಬಾಯಿಯ ಮೇಲೆ ಅಡ್ಡಲಾಗಿ ಬಾಗಲು ಹೇಳಿ. ಇಡೀ ಗೆರೆ ಮೇಲೇಳಬೇಕು, ಸರಿದರೆ ಇಳಿಯಬೇಕು. 37 ಡಿಗ್ರಿ ಮೈ ಕೂಡ ರೇಡಿಯೋ ಅಲೆ ಸೂಸುತ್ತದೆ, ತಣ್ಣನೆಯ ಆಕಾಶದ ಎದುರು ಅದು ಕೆಂಡ. ಇಡೀ ಕಾರ್ಯಕ್ರಮದಲ್ಲಿ ಮಕ್ಕಳು ಹೆಚ್ಚು ಇಷ್ಟಪಡುವ ಭಾಗವೂ ಇದೇ. ‘ನೀನೂ ಒಂದು ರೇಡಿಯೋ ಸ್ಟೇಷನ್’ ಎಂದರೆ ಸಾಲು ನಿಲ್ಲುತ್ತಾರೆ.

ಗೆರೆ ಅಲುಗದಿದ್ದರೆ ಆಕಾಶದ ತಪ್ಪಲ್ಲ. ಮೊದಲು ಬಯಾಸ್ ಟೀ ಆನ್ ಆಗಿದೆಯೇ ನೋಡಿ. ಆನ್ ಮಾಡಿದ ಕ್ಷಣ ಗೆರೆ ನೆಗೆಯದಿದ್ದರೆ ಎಲ್‌ಎನ್‌ಎಗೆ ಕರೆಂಟು ತಲುಪಿಲ್ಲ. ನಂತರ ಕಡ್ಡಿ ಡಬ್ಬಿಯ ಗೋಡೆಗೆ ತಾಗಿದೆಯೇ, ಕನೆಕ್ಟರಿನ ಹೊರಕವಚ ಡಬ್ಬಿಗೆ ಗಟ್ಟಿಯಾಗಿ ತಾಗಿದೆಯೇ ನೋಡಿ. ಒಳಗಿನದು ತಾಗಬಾರದು, ಹೊರಗಿನದು ತಾಗಲೇಬೇಕು. ಗೆರೆ ಅಲುಗುತ್ತಿದೆ, ದಿಬ್ಬ ಮಾತ್ರ ಇಲ್ಲ ಎಂದರೆ ಆ ಹೊತ್ತಿಗೆ ಆಕಾಶಗಂಗೆ ಹಾರ್ನಿನ ಮುಂದೆ ಇಲ್ಲದಿರಬಹುದು.

ಗೆರೆ ನೇರವಾಗಿಲ್ಲ, ಕವುಚಿದ ಬೋಗುಣಿಯ ಹಾಗಿದೆ. ನಟ್ಟ ನಡುವೆ ಸೂಜಿಯಂಥ ಮೊನೆ ಬೇರೆ.

ಬೋಗುಣಿ ಡಾಂಗಲ್ಲಿನ ಫಿಲ್ಟರಿನದು, ಸೂಜಿಯೂ ಡಾಂಗಲ್ಲಿನದೇ. ಆಕಾಶಗಂಗೆಯಿಂದ ದೂರದ ಜಾಗಕ್ಕೆ, ಉದಾಹರಣೆಗೆ ಸಿಂಹ ರಾಶಿಗೂ ಸಪ್ತರ್ಷಿ ಮಂಡಲಕ್ಕೂ ನಡುವೆ, ಹಾರ್ನ್ ತಿರುಗಿಸಿ 5 ನಿಮಿಷ ಅಳೆಯಿರಿ. ಇಲ್ಲವೇ ಎಲ್‌ಎನ್‌ಎ ಒಳಬಾಯಿಗೆ 50 ಓಮ್ ಟರ್ಮಿನೇಟರ್ ತಿರುಗಿಸಿ ಅಳೆಯಿರಿ. ನಿಮ್ಮ ಅಳತೆಯನ್ನು ಚಾನೆಲ್‌ವಾರು ಇದರಿಂದ ಭಾಗಿಸಿದರೆ ಬೋಗುಣಿ ಮಾಯ, ದಿಬ್ಬ ಉಳಿಯುತ್ತದೆ. ಒಂದೆರಡು ಚಾನೆಲ್ ಅಗಲದ ಸೂಜಿಗಳೆಲ್ಲ ಮನುಷ್ಯ ನಿರ್ಮಿತ ಎಂದೇ ಹಿಡಿಯಿರಿ. ಜಲಜನಕದ ದಿಬ್ಬ ಹತ್ತಾರು ಚಾನೆಲ್‌ಗಳಷ್ಟು ಅಗಲ, ಕೆಲವು ದಿಕ್ಕಿನಲ್ಲಿ ನೂರನ್ನೂ ದಾಟುತ್ತದೆ.

ದಿಬ್ಬ ಆಕಾಶದ್ದೇ ಎಂದು ಸಾಬೀತು ಮಾಡುವುದು ಹೇಗೆ?

ಗಡಿಯಾರದಿಂದ. ಹಾರ್ನನ್ನು ನೇರ ನೆತ್ತಿಗೆ ಮುಖ ಮಾಡಿ ಕಟ್ಟಿಹಾಕಿ, ಮುಟ್ಟಬೇಡಿ. ಭೂಮಿ ತಿರುಗಿದಂತೆ ಆಕಾಶವೇ ಮೇಲೆ ಹಾದುಹೋಗಲಿ. ಬೆಂಗಳೂರು, ಹಾಸನ, ಮಂಗಳೂರುಗಳ ಅಕ್ಷಾಂಶ ಸುಮಾರು 13 ಡಿಗ್ರಿ. ಅಲ್ಲಿಯ ನೆತ್ತಿಯನ್ನು ಆಕಾಶಗಂಗೆಯ ಪಟ್ಟಿ ದಿನಕ್ಕೆ ಎರಡು ಸಲ ದಾಟುತ್ತದೆ. ಒಮ್ಮೆ ಶ್ರವಣ ನಕ್ಷತ್ರದ ಸ್ವಲ್ಪ ಪಶ್ಚಿಮಕ್ಕಿರುವ ಭಾಗ, ಇನ್ನೊಮ್ಮೆ ಮಹಾವ್ಯಾಧಕ್ಕೂ ಮಿಥುನಕ್ಕೂ ನಡುವಿನ ಭಾಗ. ಸಂಕ್ರಾಂತಿಯ ಆಸುಪಾಸಿನಲ್ಲಿ ಮೊದಲನೆಯದು ಮಧ್ಯಾಹ್ನ 12ರ ಹೊತ್ತಿಗೆ, ಎರಡನೆಯದು ರಾತ್ರಿ 11ರ ಹೊತ್ತಿಗೆ.

ಎರಡು ವಾರ ಬಿಟ್ಟು ಮತ್ತೆ ಅಳೆಯಿರಿ. ಎರಡೂ ಸುಮಾರು ಒಂದು ಗಂಟೆ ಮೊದಲೇ ಬಂದಿರುತ್ತವೆ. ಒಂದು ತಿಂಗಳಿಗೆ ಎರಡು ಗಂಟೆ. ನಕ್ಷತ್ರಗಳ ದಿನ ನಮ್ಮ ಗಡಿಯಾರದ ದಿನಕ್ಕಿಂತ 3 ನಿಮಿಷ 56 ಸೆಕೆಂಡ್ ಚಿಕ್ಕದು. ಮೊಬೈಲ್ ಟವರಾಗಲಿ ಪಕ್ಕದ ಮನೆಯ ಇನ್ವರ್ಟರಾಗಲಿ ಈ ಲೆಕ್ಕ ಪಾಲಿಸುವುದಿಲ್ಲ. 1930ರ ದಶಕದ ಆರಂಭದಲ್ಲಿ ಅಮೆರಿಕದ ರೇಡಿಯೋ ಇಂಜಿನಿಯರ್ ಕಾರ್ಲ್ ಜಾನ್ಸ್ಕಿ ತಮಗೆ ಸಿಕ್ಕ ಸಿಳ್ಳು ಗದ್ದಲ ಸೂರ್ಯನದಲ್ಲ, ನಕ್ಷತ್ರಲೋಕದ್ದು ಎಂದು ಹೇಳಿದ್ದೂ ಇದೇ ನಾಲ್ಕು ನಿಮಿಷದ ಆಧಾರದ ಮೇಲೆ.

ಇದಕ್ಕೊಂದು ಒಳ್ಳೆಯ ಜೋಡಿ ಇದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುತ್ತಮುತ್ತ ಇದೇ ಅಕ್ಷಾಂಶದಲ್ಲಿ ಸೂರ್ಯ ನಡುಮಧ್ಯಾಹ್ನ ನೆತ್ತಿಗೇ ಬರುತ್ತಾನೆ. ಆಗ ಇಡೀ ಗೆರೆ ಮೇಲೇಳುತ್ತದೆ, ಏಕೆಂದರೆ ಸೂರ್ಯ ಎಲ್ಲ ಫ್ರೀಕ್ವೆನ್ಸಿಯಲ್ಲೂ ಸೂಸುತ್ತಾನೆ. ಈ ಏರಿಕೆ ದಿನವೂ 12.20ರ ಹತ್ತಿರವೇ ಬರುತ್ತದೆ, ಜಲಜನಕದ ದಿಬ್ಬ ಮಾತ್ರ ದಿನದಿನಕ್ಕೆ ಬೇಗ ಬರುತ್ತದೆ. ಸೌರದಿನ, ನಾಕ್ಷತ್ರಿಕ ದಿನ ಎರಡೂ ಒಂದೇ ಹಾಳೆಯ ಮೇಲೆ ಬಂದಂತಾಯಿತು. ಹತ್ತು ದಿನದ ಅಳತೆ ಸಾಕು.

ಎರಡು ದಿಬ್ಬಗಳ ಆಕಾರವನ್ನೂ ಹೋಲಿಸಿ. ಶ್ರವಣದ ಕಡೆಯದು ಅಗಲ, ಒಂದು ಬದಿಗೆ ಎಳೆದ ಹಾಗೆ ಇರುತ್ತದೆ. ಮಹಾವ್ಯಾಧದ ಕಡೆಯದು ಅದಕ್ಕಿಂತ ಕಿರಿದು. ಅಲ್ಲಿ ನಾವು ಆಕಾಶಗಂಗೆಯ ಹೊರ ಅಂಚಿನ ಕಡೆ ನೋಡುತ್ತಿರುತ್ತೇವೆ. ಅನಿಲವೆಲ್ಲ ನಮ್ಮ ನೋಟಕ್ಕೆ ಹೆಚ್ಚುಕಡಿಮೆ ಅಡ್ಡಡ್ಡ ಚಲಿಸುವುದರಿಂದ ಡಾಪ್ಲರ್ ಪಲ್ಲಟ ಕಡಿಮೆ.

ಅಳತೆಯನ್ನು ಕೆಲ್ವಿನ್ನಿಗೆ ತರುವುದು ಹೇಗೆ?

ಬಿಸಿ ಮತ್ತು ತಣ್ಣನೆ ಎರಡನ್ನೂ ಅಳೆದು. ಹಾರ್ನನ್ನು ದಟ್ಟ ಮರದ ಗುಂಪಿಗೋ ನೆಲಕ್ಕೋ ಮುಖ ಮಾಡಿದರೆ ಅದು 300 ಕೆಲ್ವಿನ್ ಎಂದುಕೊಳ್ಳಿ. ಖಾಲಿ ಆಕಾಶಕ್ಕೆ ಮುಖ ಮಾಡಿದರೆ, ವಾತಾವರಣವೂ ಸೇರಿ 10 ಕೆಲ್ವಿನ್ ಎಂದುಕೊಳ್ಳಿ. ಎರಡರ ಶಕ್ತಿಯ ಅನುಪಾತ ತೆಗೆಯಿರಿ. ಅದು 3 ಬಂದರೆ, 300ರಿಂದ 3 × 10 ಕಳೆದು, ಉಳಿದದ್ದನ್ನು 3 − 1 ಅಂದರೆ 2ರಿಂದ ಭಾಗಿಸಿ: 135 ಕೆಲ್ವಿನ್. ಇದು ನಿಮ್ಮ ಉಪಕರಣದ ಸ್ವಂತ ಗದ್ದಲ. ಅನುಪಾತ 2 ಬಂದರೆ 280 ಕೆಲ್ವಿನ್, ಎಲ್ಲೋ ಕೀಲು ಸಡಿಲ. ಡೆಸಿಬೆಲ್ಲನ್ನು ಅನುಪಾತಕ್ಕೆ ತರುವುದನ್ನು ಮರೆಯಬೇಡಿ, 3 ಡೆಸಿಬೆಲ್ ಎಂದರೆ ಎರಡು ಪಟ್ಟು, ಮೂರು ಪಟ್ಟಲ್ಲ.

ಎಸ್ಸೆಸ್ಸೆಲ್ಸಿ ಗಣಿತ ಬಳಸಿ ಏನಾದರೂ ಲೆಕ್ಕ ಮಾಡಬಹುದೇ?

ಆಕಾಶಗಂಗೆ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಲೆಕ್ಕ ಹಾಕಬಹುದು, ಬೇಕಾದದ್ದು ಸೈನ್ ಕೋಷ್ಟಕ ಮಾತ್ರ. ಗ್ಯಾಲಕ್ಸಿಯ ಕೇಂದ್ರದ ದಿಕ್ಕನ್ನು 0 ಡಿಗ್ರಿ ಎಂದಿಟ್ಟು ಪಟ್ಟಿಯುದ್ದಕ್ಕೂ ಅಳೆಯುವ ಕೋನಕ್ಕೆ ಗ್ಯಾಲಕ್ಸಿ ರೇಖಾಂಶ ಎನ್ನುತ್ತಾರೆ. 30 ಡಿಗ್ರಿ ರೇಖಾಂಶಕ್ಕೆ ಹಾರ್ನ್ ತಿರುಗಿಸಿ. ಸಂಕ್ರಾಂತಿಯ ಸುಮಾರಿಗೆ ಬೆಂಗಳೂರಿನಲ್ಲಿ ಬೆಳಿಗ್ಗೆ ಹನ್ನೊಂದೂವರೆಗೆ ಅದು ದಕ್ಷಿಣ ದಿಕ್ಕಿನಲ್ಲಿ 74 ಡಿಗ್ರಿ ಎತ್ತರದಲ್ಲಿರುತ್ತದೆ. ದಿಬ್ಬದ ಕಡಿಮೆ ಫ್ರೀಕ್ವೆನ್ಸಿಯ ತುದಿಯನ್ನು ಗುರುತಿಸಿ. ನಮ್ಮಿಂದ ಅತಿ ವೇಗವಾಗಿ ದೂರ ಸರಿಯುವ ಅನಿಲ ಅದು. ಸೂರ್ಯ, ಭೂಮಿಯ ಚಲನೆಯನ್ನು ಸರಿಪಡಿಸಿದ ಮೇಲೆ ಸೆಕೆಂಡಿಗೆ 110 ಕಿ.ಮೀ. ಬಂತೆನ್ನಿ. ಅದಕ್ಕೆ 220 × ಸೈನ್ 30, ಅಂದರೆ 110 ಕೂಡಿಸಿ (ಇಲ್ಲಿ 220 ಎಂದರೆ ಸೂರ್ಯ ಗ್ಯಾಲಕ್ಸಿಯ ಕೇಂದ್ರವನ್ನು ಸುತ್ತುವ ವೇಗ, ಸೆಕೆಂಡಿಗೆ ಕಿ.ಮೀ.ಗಳಲ್ಲಿ). ಒಟ್ಟು 220. ಆ ಅನಿಲ ಕೇಂದ್ರದಿಂದ ಎಷ್ಟು ದೂರ? ಕೇಂದ್ರದಿಂದ ಸೂರ್ಯನ ದೂರ 8.5 ಕಿಲೋಪಾರ್ಸೆಕ್ (ಒಂದು ಕಿಲೋಪಾರ್ಸೆಕ್ ಎಂದರೆ ಸುಮಾರು 3260 ಜ್ಯೋತಿರ್ವರ್ಷ) ಎಂದಿಟ್ಟರೆ, 8.5 × ಸೈನ್ 30 = 4.25 ಕಿಲೋಪಾರ್ಸೆಕ್. ಇದನ್ನೇ 40, 50, 60, 70 ಡಿಗ್ರಿಗಳಲ್ಲಿ ಮಾಡಿ ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಇಡಿ. ಕೇಂದ್ರದಿಂದ ದೂರ ಹೋದಂತೆ ವೇಗ ಗ್ರಹಗಳ ಹಾಗೆ ಇಳಿಯಬೇಕಿತ್ತಲ್ಲ, ಏಕೆ ಇಳಿಯುತ್ತಿಲ್ಲ ಎಂಬಲ್ಲಿಗೆ ಮಕ್ಕಳು ತಾವೇ ಬರುತ್ತಾರೆ. ಕಪ್ಪುದ್ರವ್ಯ ಎಂಬ ಶಬ್ದವನ್ನು ಅಲ್ಲಿಯವರೆಗೆ ನೀವು ಬಾಯಿಬಿಡಬೇಡಿ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಹಾರ್ನ್ 20 ಡಿಗ್ರಿ ಅಗಲ ನೋಡುವುದರಿಂದ ದಿಬ್ಬದ ತುದಿ ಮಸುಕಾಗಿರುತ್ತದೆ. ಅರ್ಧ ಎತ್ತರಕ್ಕೋ ಬುಡಕ್ಕೋ ಎಲ್ಲಿ ಗುರುತು ಮಾಡಿದಿರಿ ಎಂಬುದರ ಮೇಲೆ 10–20 ಕಿ.ಮೀ. ವ್ಯತ್ಯಾಸ ಬರುತ್ತದೆ, ಒಂದೇ ನಿಯಮ ಇಟ್ಟುಕೊಳ್ಳಿ. ಎರಡನೆಯದು ಚಲನೆಯ ತಿದ್ದುಪಡಿ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುತ್ತದೆ, ಸೂರ್ಯ ನೆರೆಯ ನಕ್ಷತ್ರಗಳ ನಡುವೆ ಸುಮಾರು 20 ಕಿ.ಮೀ. ಓಡುತ್ತಾನೆ. ಇದನ್ನು ಬಿಟ್ಟರೆ ಉತ್ತರ 50 ಕಿ.ಮೀ. ತನಕ ತಪ್ಪಬಹುದು. ಬೇಕೆಂದೇ ಬಿಟ್ಟು, ಅದೇ ಜಾಗವನ್ನು ಆರು ತಿಂಗಳ ನಂತರ ಅಳೆದರೆ ಇಡೀ ದಿಬ್ಬವೇ ಸರಿದಿರುತ್ತದೆ. ಭೂಮಿ ಸೂರ್ಯನನ್ನು ಸುತ್ತುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಶಾಲೆಯ ಮಹಡಿಯ ಮೇಲೆ ಸಿಗುವುದು ಕಷ್ಟ.

ಊರ ನಡುವೆ ಮೊಬೈಲ್ ಟವರುಗಳ ಮಧ್ಯೆ ಇದು ನಡೆಯುತ್ತದೆಯೇ?

ನಡೆಯುತ್ತದೆ. 1400ರಿಂದ 1427 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡಬಾರದೆಂದು ಅಂತರರಾಷ್ಟ್ರೀಯ ನಿಯಮವೇ ಇದೆ. ಟವರುಗಳು ಇರುವುದು 900, 1800ರಂಥ ಬೇರೆ ಪಟ್ಟಿಗಳಲ್ಲಿ, ಎಲ್‌ಎನ್‌ಎ ಒಳಗಿನ ಫಿಲ್ಟರ್ ಅವನ್ನು ತಡೆಯುತ್ತದೆ. ಫಿಲ್ಟರ್ ಇಲ್ಲದ ಎಲ್‌ಎನ್‌ಎ ಕೊಂಡರೆ ಟವರಿನ ಅಬ್ಬರಕ್ಕೇ ಅದು ಕಿವುಡಾಗುತ್ತದೆ. ನಿಜವಾದ ಕಾಟ ಹತ್ತಿರದ್ದು: ಎಲ್‌ಇಡಿ ಟ್ಯೂಬಿನ ಡ್ರೈವರ್, ಲ್ಯಾಪ್‌ಟಾಪ್ ಚಾರ್ಜರ್, ಯುಎಸ್‌ಬಿ ಮೂರನೇ ಪೀಳಿಗೆಯ ಕೇಬಲ್. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಡಾಂಗಲ್ಲನ್ನು ಹಳೆಯ ಸ್ಟೀಲ್ ಟಿಫಿನ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ. ಡಬ್ಬಿ ನೆರಳಲ್ಲಿರಲಿ. ಡಾಂಗಲ್ ಕಾದರೆ ಗೇನ್ ಜಾರುತ್ತದೆ, ಮಧ್ಯಾಹ್ನದ ಅಳತೆ ಬೆಳಗಿನದಕ್ಕೆ ಹೊಂದುವುದಿಲ್ಲ. ಅಳೆಯುವ ಮೊದಲು ಅರ್ಧ ಗಂಟೆ ಓಡಲು ಬಿಡಿ.

ಮಳೆಗಾಲದಲ್ಲಿ?

ಬಾಯಿಗೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕಟ್ಟಿ. ಬೆಳ್ಳಿ ಬಣ್ಣದ ತಾಡಪಾಲು ಬೇಡ, ಅದರ ಲೇಪನ ಅಲೆಯನ್ನೇ ತಡೆಯಬಹುದು. ಹಾಳೆಯ ಮೇಲೆ ನೀರು ನಿಂತರೆ ಗದ್ದಲ ಏರುತ್ತದೆ, ಹಾರ್ನನ್ನು ಸ್ವಲ್ಪ ಓರೆ ಇಡಿ. ಡಬ್ಬಿಯ ತಗ್ಗಿನ ಮೂಲೆಯಲ್ಲಿ 3 ಮಿ.ಮೀ. ತೂತು ಕೊರೆದರೆ ಸೇರಿದ ನೀರು ಇಳಿಯುತ್ತದೆ, 21 ಸೆಂ.ಮೀ. ಅಲೆಗೆ ಅಷ್ಟು ಸಣ್ಣ ತೂತು ಕಾಣುವುದೇ ಇಲ್ಲ. ಬೇಸಿಗೆ ರಜೆ ಮುಗಿಸಿ ಬಂದು ದಿಬ್ಬ ಕಾಣದಿದ್ದರೆ ಡಬ್ಬಿಯೊಳಗೆ ಟಾರ್ಚ್ ಬಿಡಿ. ಕಣಜಗಳು ಕಡ್ಡಿಯ ಸುತ್ತಲೇ ಮಣ್ಣಿನ ಗೂಡು ಕಟ್ಟಿರುತ್ತವೆ. ಗುಡುಗು ಕೇಳಿಸಿದರೆ ಮಕ್ಕಳನ್ನು ಕೆಳಗಿಳಿಸಿ, ಕೇಬಲ್ ಬಿಚ್ಚಿ.

ಇದನ್ನು ಕಿವಿಯಲ್ಲಿ ಕೇಳಬಹುದೇ? ಅನ್ಯಗ್ರಹದವರು ಸಿಗುತ್ತಾರೆಯೇ?

ಕೇಳಿದರೆ ಸ್ಟೇಷನ್ ಸಿಗದ ರೇಡಿಯೋದ ‘ಸ್ಸ್ಸ್’ ಅಷ್ಟೇ. ಸಿಗುವುದಿಲ್ಲ.

ಸಾರ್ವಜನಿಕರಿಗೆ ತೋರಿಸುವ ದಿನ ಹೇಗೆ ನಡೆಸಬೇಕು?

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆ ದಿನಗಳಲ್ಲಿ ಆಕಾಶಗಂಗೆಯ ರಾಜಹಂಸ ನಕ್ಷತ್ರಪುಂಜದ ಭಾಗ ಬೆಳಿಗ್ಗೆ ಹತ್ತು, ಹತ್ತೂವರೆಗೆ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಒಂದು ತಂಡಕ್ಕೆ ಹದಿನೈದು ಜನ, ಇಪ್ಪತ್ತು ನಿಮಿಷ. ಮೊದಲು ಮೈಯ ಶಾಖದ ಆಟ. ಆಮೇಲೆ ನೆಲ, ಆಕಾಶ. ಆಮೇಲೆ ಹಾರ್ನನ್ನು ರಾಜಹಂಸದತ್ತ ತಿರುಗಿಸಿ, ಪರದೆಯಲ್ಲಿ ಗೆರೆ ನಿಧಾನಕ್ಕೆ ನಯವಾಗುತ್ತ ದಿಬ್ಬ ಮೂಡುವುದನ್ನು ಮೂರು ನಿಮಿಷ ಸುಮ್ಮನೆ ನೋಡಲು ಬಿಡಿ. ಆ ಮೂರು ನಿಮಿಷ ಭಾಷಣ ಮಾಡುವ ಆಸೆ ತಡೆದುಕೊಳ್ಳಿ. ಸಿದ್ಧ ಗ್ರಾಫ್ ತೋರಿಸಿದರೆ ಜನರಿಗೆ ಅದು ಇನ್ನೊಂದು ಪಿಪಿಟಿ. ಹಾರ್ನ್ ಹಿಡಿದು ತಿರುಗಿಸುವುದು ಬಂದವರೇ ಆಗಿರಲಿ, ಸಂಘದವರಲ್ಲ. ಎಲ್ಲರ ಮೊಬೈಲುಗಳನ್ನು ಹಾರ್ನಿನಿಂದ ದೂರ ಒಂದು ಬುಟ್ಟಿಯಲ್ಲಿ ಇಡಿಸಿ.

ಇಷ್ಟೆಲ್ಲ ಆಗದು. ಹಳೆಯ ಡಿಶ್ ಟಿವಿ ತಟ್ಟೆಯಲ್ಲಿ ಏನಾದರೂ ಮಾಡಬಹುದೇ?

60 ಸೆಂ.ಮೀ. ತಟ್ಟೆ, ಅದರ ಎಲ್‌ಎನ್‌ಬಿ, ಅಂದರೆ ತೋಳಿನ ತುದಿಯ ರಿಸೀವರ್, ಸಂಕೇತದ ಬಲ ತೋರಿಸುವ ಮುಳ್ಳಿರುವ ಸ್ಯಾಟಲೈಟ್ ಫೈಂಡರ್, 13ರಿಂದ 18 ವೋಲ್ಟ್ ಕೊಡುವ ಬ್ಯಾಟರಿ ಅಥವಾ ಅಡಾಪ್ಟರ್. ಇಷ್ಟರಲ್ಲಿ ಸೂರ್ಯ ಸಿಗುತ್ತಾನೆ. ತಟ್ಟೆ ನೋಡುವುದು 3 ಡಿಗ್ರಿ ಅಗಲ, ಹಾಗಾಗಿ ನಿಧಾನಕ್ಕೆ ಹುಡುಕಿ, ಮುಳ್ಳು ಏರಿದಲ್ಲಿ ನಿಲ್ಲಿಸಿ ಬಿಟ್ಟರೆ ಹತ್ತು ನಿಮಿಷದೊಳಗೆ ಸೂರ್ಯ ಸರಿದು ಮುಳ್ಳು ಇಳಿಯುತ್ತದೆ. ಎಲ್‌ಎನ್‌ಬಿ ತೋಳು ನೇರ ಸೂರ್ಯನ ಕಡೆ ಇರಬೇಕೆಂದೇನಿಲ್ಲ. ಈ ತಟ್ಟೆಗಳ ನೋಟ ಇಪ್ಪತ್ತು ಚಿಲ್ಲರೆ ಡಿಗ್ರಿ ವಾಲಿರುತ್ತದೆ. ತಟ್ಟೆಗೆ ಫಾಯಿಲ್ ಮಾತ್ರ ಅಂಟಿಸಬೇಡಿ, ಬಿಸಿಲು ಒಂದೆಡೆ ಕೂಡಿ ಎಲ್‌ಎನ್‌ಬಿ ಮುಚ್ಚಳ ಕರಗುತ್ತದೆ, ಕೈಯೂ ಸುಡುತ್ತದೆ.

ಮಾರ್ಚ್ ನಡುವಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಹಗಲು ಹೊತ್ತು ಟಿವಿ ಚಿತ್ರ ಕೆಲವು ನಿಮಿಷ ಕೆಡುವುದಕ್ಕೂ ಇದೇ ಕಾರಣ: ಸೂರ್ಯ ಉಪಗ್ರಹದ ಬೆನ್ನ ಹಿಂದೆ ಬಂದಿರುತ್ತಾನೆ. ಆ ವಾರ ಮಕ್ಕಳಿಗೆ ಮನೆಯ ಟಿವಿಯೇ ರೇಡಿಯೋ ದೂರದರ್ಶಕ.

ಗುರುಗ್ರಹದ ಗುಡುಗು?

ಗುರು ಆಗಾಗ ಸಿಡಿಸುವ ರೇಡಿಯೋ ಅಲೆ 20.1 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ, ನಾಸಾದ ರೇಡಿಯೋ ಜೋವ್ ಯೋಜನೆ ಶಾಲೆಗಳಿಗೆಂದೇ ಇದನ್ನು ರೂಪಿಸಿತು. ಸುಮಾರು 7 ಮೀಟರ್ ಉದ್ದದ ಎರಡು ಡೈಪೋಲ್, ಅಂದರೆ ತಂತಿ ಆಂಟೆನಾ, ಕಟ್ಟಲು ಬಯಲು ಬೇಕು. ಗುರು ದಿನವೂ ಗುಡುಗುವುದಿಲ್ಲ, ಅಯೋ ಉಪಗ್ರಹದ ಸ್ಥಾನ ನೋಡಿಕೊಂಡು ಕಾಯಬೇಕು. ಪೇಟೆಯಲ್ಲಿ ಈ ಫ್ರೀಕ್ವೆನ್ಸಿ ವಿದ್ಯುತ್ ಗದ್ದಲದಿಂದ ತುಂಬಿಹೋಗಿದೆ. ಮೊದಲ ಪ್ರಯೋಗಕ್ಕೆ ಬೇಡ ಎಂದೇ ನಮ್ಮ ಸಲಹೆ.

ಕರ್ನಾಟಕದಲ್ಲಿ ಇದರ ದೊಡ್ಡ ರೂಪ ಎಲ್ಲಿದೆ?

ಗೌರಿಬಿದನೂರಿನ ಹತ್ತಿರ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಅಲ್ಲಿ 34.5 ಮೆಗಾಹರ್ಟ್ಸ್‌ಗೆ ಸಾವಿರ ಡೈಪೋಲ್‌ಗಳನ್ನು ‘ಟಿ’ ಆಕಾರದಲ್ಲಿ ನೆಟ್ಟಿದ್ದವು, ಪೂರ್ವ ಪಶ್ಚಿಮ ಉದ್ದವೇ 1.4 ಕಿ.ಮೀ. ಈಗಲೂ ಅಲ್ಲಿನ ಇನ್ನೊಂದು ಆಂಟೆನಾ ವ್ಯೂಹ ಸೂರ್ಯನ ಚಿತ್ರ ತೆಗೆಯುತ್ತದೆ. ನಮ್ಮ 21 ಸೆಂ.ಮೀ. ಕಥೆಗೆ ಹೆಚ್ಚು ಹತ್ತಿರದ್ದು ರಾಮನ್ ಸಂಸ್ಥೆಯ ಸಾರಸ್ ಎಂಬ ರೇಡಿಯೋ ಉಪಕರಣ. ಮೊದಲ ನಕ್ಷತ್ರಗಳ ಕಾಲದ ಜಲಜನಕದ ಇದೇ ಅಲೆ, ವಿಶ್ವ ಹಿಗ್ಗಿದ್ದರಿಂದ ಮೀಟರುಗಟ್ಟಲೆ ಉದ್ದವಾಗಿ ಬರುತ್ತದೆ. ಅದನ್ನು ಹುಡುಕಲು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ಆಂಟೆನಾವನ್ನು ತೇಲಿಬಿಟ್ಟರು. ಕೆಳಗಿನ ನೆಲ ಪದರಪದರವಾಗಿದ್ದರೆ ಅಳತೆ ಕೆಡುತ್ತದೆ, ಕೆರೆಯ ನೀರು ಎಲ್ಲೆಡೆ ಒಂದೇ ಸಮ. ನೀವು ಟಿಫಿನ್ ಡಬ್ಬಿ ಹುಡುಕುವುದು ಮತ್ತು ಅವರು ಕೆರೆ ಹುಡುಕುವುದು ಒಂದೇ ಜಾತಿಯ ಕೆಲಸ.

ಅಳತೆ ಪುಸ್ತಕದಲ್ಲಿ ಏನು ಬರೆಯಬೇಕು?

ದಿನಾಂಕ, ಭಾರತೀಯ ಸಮಯ ಶುರು ಮತ್ತು ಕೊನೆ, ಹಾರ್ನಿನ ದಿಕ್ಕು ಮತ್ತು ಎತ್ತರದ ಕೋನ, ಗೇನ್, ಸರಾಸರಿ ಅವಧಿ, ನೆಲ–ಆಕಾಶ ಅನುಪಾತ, ಬಿಸಿಲೋ ಮೋಡವೋ, ಹತ್ತಿರ ಯಾವ ಉಪಕರಣ ಓಡುತ್ತಿತ್ತು. ಎತ್ತರದ ಕೋನಕ್ಕೆ ಕೋನಮಾಪಕಕ್ಕೆ ದಾರ ಕಟ್ಟಿ ಒಂದು ನಟ್ಟು ತೂಗುಬಿಟ್ಟರೆ ಸಾಕು. ದಿಕ್ಕಿಗೆ ಮೊಬೈಲಿನ ದಿಕ್ಸೂಚಿ ನಂಬಬೇಡಿ, ಹತ್ತಿರದ ತಗಡು ಅದನ್ನು ಕೆಡಿಸುತ್ತದೆ. ನಡುಮಧ್ಯಾಹ್ನ ನೆಟ್ಟ ಕೋಲಿನ ಅತಿ ಚಿಕ್ಕ ನೆರಳಿನ ಗೆರೆಯನ್ನು ಮಹಡಿಯ ಮೇಲೆ ಒಮ್ಮೆ ಪೇಂಟಿನಲ್ಲಿ ಎಳೆದಿಡಿ, ಉತ್ತರ ದಕ್ಷಿಣ ಅದೇ. ಚೆನ್ನಾಗಿ ಬಾರದ ಅಳತೆಯನ್ನೂ ಹರಿಯದೆ ಇಟ್ಟುಕೊಳ್ಳಿ. ಮುಂದಿನ ವರ್ಷದ ತಂಡಕ್ಕೆ ಯಾವ ಟ್ಯೂಬ್‌ಲೈಟ್ ಆರಿಸಬೇಕು ಎಂದು ಹೇಳುವುದು ಆ ಹಾಳೆಗಳೇ.